ರಿಜಲ್ ಕುಗ್ಗಿದ ಚಳಿಗಾಲ

ಮೊನ್ನೆ ಬಸವಕಲ್ಯಾಣದಿಂದ ಮಂಠಾಳಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಊರು ಇನ್ನೂ ದೂರ ಇತ್ತು, ಕಿಟಕಿಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ಒಳಗೆ ನುಗ್ಗಿತು. ಪಾಕ ಬರಲು ಇನ್ನೂ ಒಂದು ತಾಸು ಬೇಕು, ಒಲೆಗೆ ಕಬ್ಬಿನ ಸೋಗೆಯ ಹಸಿ ರವದಿ ತುರುಕಿದ್ದಾರೆ, ಅಂತ ಮೂಗು ತಾನೇ ಹೇಳಿಬಿಟ್ಟಿತು. ಬಾಜೂಕೆ ಕೂತಿದ್ದ ಹೆಣ್ಣುಮಗಳಿಗೆ ಹೇಳಿದೆ: "ನನ್ನ ಮೊಮ್ಮಗಳು ಎಂ.ಎಸ್ಸಿ. ಪಾಸಾದಳ್ರಿ, ಫಸ್ಟ್ ಕ್ಲಾಸು." ಆಕೆ ಸೆರಗಿನ ಮರೆಯಲ್ಲಿ ನಕ್ಕಳು. "ಹೌದ್ರೀ ಕಾಕಾ, ಬಸ್ ಹತ್ತಿದಾಗಿಂದ ಮೂರ ಸಲ ಹೇಳೀರಿ."

ಹೇಳಿರಬಹುದು. ಒಂದು ವಾರದಿಂದ ನನಗೆ ಬಾಯಿ ಮುಚ್ಚಲು ಆಗುತ್ತಿಲ್ಲ. ಬಾಯಿಯಿಂದ ಹೇಳಿದ್ದು ಸಾಲದು ಅಂತ ಈಗ ಬರೆಯಲು ಕೂತೆ. ನಾನು ಕಲಿತದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಮೂರು ವರ್ಷ. ಐವತ್ತಾರರಲ್ಲಿ ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರಿದ ಮೇಲೆ, ಮೀಸೆ ಬಂದ ವಯಸ್ಸಿನಲ್ಲಿ, ರಾತ್ರಿ ಶಾಲೆಗೆ ಹೋಗಿ ಕನ್ನಡ ಅಕ್ಷರ ತಿದ್ದಿದೆ. ತಪ್ಪಿದ್ದರೆ ಮೊಮ್ಮಗಳು ಜಗದೇವಿ ತಿದ್ದುತ್ತಾಳೆ. ತಪ್ಪು ತಿದ್ದುವುದರಲ್ಲಿ ಆಕೆ ಯಾರ ಮುಲಾಜೂ ನೋಡುವವಳಲ್ಲ. ಅದು ನನಗೆ ಆ ಒಂದು ಚಳಿಗಾಲದಲ್ಲೇ ಗೊತ್ತಾಯಿತು.

ನಮ್ಮೂರು ಹುಮನಾಬಾದಿನ ಮಗ್ಗುಲ ಹುಡಗಿ ಅನ್ನುವ ಹಳ್ಳಿ. ನನ್ನ ಕಸುಬು ಬೆಲ್ಲದ ಪಾಕ ನೋಡುವುದು. ಸ್ವಂತದ ಕಬ್ಬು ನನಗೆ ಎಂದೂ ಇರಲಿಲ್ಲ. ಗಾಣ ಹೂಡಿದವರು ಕರೆಯುತ್ತಿದ್ದರು, ಹೋಗುತ್ತಿದ್ದೆ. ಕೊಪ್ಪರಿಗೆಯ ಬಾಜೂಕೆ ನಿಂತು ಯಾವಾಗ ಬೆಂಡೆಗಿಡದ ಲೋಳೆ ಹಾಕಬೇಕು, ಯಾವಾಗ ಕೊಳೆ ತೆಗೆಯಬೇಕು, ಯಾವ ಕ್ಷಣಕ್ಕೆ ಕೊಪ್ಪರಿಗೆ ಇಳಿಸಬೇಕು ಅಂತ ಹೇಳುವವನು ನಾನು. ಒಂದು ಕ್ಷಣ ಮುಂಚೆ ಇಳಿಸಿದರೆ ಬೆಲ್ಲ ಮೆತ್ತಗೆ, ಒಂದು ಕ್ಷಣ ತಡವಾದರೆ ಕರಕಲು. ಪಾಕ ನೋಡುವವರಿಗೆಲ್ಲ ಒಂದು ರೂಢಿ ಇದೆ. ಸೌಟು ಎತ್ತಿ ಇಳಿಬಿಟ್ಟು, ಆ ಎಳೆಯನ್ನು ಬೆಂಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು. ಎರಡೂ ಕಣ್ಣು ತೆರೆದರೆ ಹಬೆಯಲ್ಲಿ ಬಣ್ಣ ಒಡೆದು ಕಾಣುತ್ತದೆ. ನಾನು ಬಲಗಣ್ಣು ಮುಚ್ಚುತ್ತಿದ್ದೆ. ನನ್ನ ಎಡಗಣ್ಣಿನ ಮೇಲೆ ಮಂದಿಗೆ ಎಷ್ಟು ಭರವಸೆ ಅಂದರೆ, ಹುಮನಾಬಾದಿನ ಪೇಟೆಯಲ್ಲಿ ಬೆಲ್ಲದ ಪೆಂಟೆ ಒಡೆದು ನೋಡದೆ "ಮಾಣಿಕಪ್ಪನ ಕೈದು ಏನು? ಹಾಕ್ರಿ ತಕಡಿಗಿ" ಅನ್ನುತ್ತಿದ್ದರು.

ಜಗದೇವಿ ನನ್ನ ದೊಡ್ಡ ಮಗನ ಮಗಳು. ಆ ಚಳಿಗಾಲದಲ್ಲಿ ಬಿ.ಎಸ್ಸಿ. ಎರಡನೇ ವರ್ಷ, ಹುಮನಾಬಾದಿಗೆ ದಿನಾ ಹೋಗಿ ಬರುತ್ತಿದ್ದಳು. ಭೌತಶಾಸ್ತ್ರ ಹೇಳಲು ರಹೀಂ ಸರ್ ಅಂತ ಒಬ್ಬರಿದ್ದರು. ಕಾಲೇಜಿನಲ್ಲಿ ದುರ್ಬೀನು ಇರಲಿಲ್ಲ. ಅವರು ಹುಡುಗರಿಗೆಲ್ಲ ಒಂದೊಂದು ನಕ್ಷತ್ರ ಹಂಚಿ, "ಖುದಾ ಕೊಟ್ಟ ಎರಡು ಕಣ್ಣು ಅವ, ಒಂದು ಹಂಗಾಮು ನೋಡಿ ಬರೀರಿ" ಅಂದಿದ್ದರು. ಉಳಿದವರು ನಾಲ್ಕು ದಿನಕ್ಕೆ ಬಿಟ್ಟರು. ಇವಳ ಪಾಲಿಗೆ ಬಂದದ್ದು ರಿಜಲ್.

ನಾವು ಕೂರಿಗೆ ಚಿಕ್ಕಿ ಅನ್ನುವ ಸಾಲಾದ ಮೂರು ನಕ್ಷತ್ರ ನಿಮಗೆ ಗೊತ್ತಲ್ಲ, ಅದರ ತೆಂಕಣ ಬದಿಗೆ ನೀಲಿ ಹೊಡೆಯುವ ದೊಡ್ಡ ಚುಕ್ಕಿ ಒಂದಿದೆ. ಅದೇ ರಿಜಲ್. ಅರಬ್ಬಿಯಲ್ಲಿ ಕಾಲು ಅಂತ ಅರ್ಥವಂತೆ, ರಹೀಂ ಸರ್ ಹೇಳಿದ್ದು. ನಮ್ಮ ಸೂರ್ಯನಿಗಿಂತ ಎಷ್ಟೋ ಪಾಲು ತೂಕದ್ದು, ಎಷ್ಟೋ ಪಾಲು ಕಾವಿನದು. ಇಂಥ ನೀಲಿ ರಾಕ್ಷಸ ನಕ್ಷತ್ರಗಳ ಬೆಳಕು ಒಂದೇ ಸಮ ಇರುವುದಿಲ್ಲ, ಕೆಲವು ದಿನ ಏರುತ್ತದೆ, ಕೆಲವು ದಿನ ಇಳಿಯುತ್ತದೆ. ಆದರೆ ಅದು ಕೂದಲೆಳೆಯಷ್ಟು ಹೆಚ್ಚುಕಮ್ಮಿ. ಯಂತ್ರಕ್ಕೆ ಸಿಗುತ್ತದೆ, ಬರಿಗಣ್ಣಿಗೆ ಸಿಗುತ್ತದೋ ಇಲ್ಲವೋ. ಅದನ್ನು ನೋಡುವುದೇ ಇವಳ ಕೆಲಸ.

ಜಗದೇವಿಗೆ ಚಿಕ್ಕಂದಿನಿಂದ ದಪ್ಪ ಚಸ್ಮಾ. ನಕ್ಷತ್ರ ಅವಳಿಗೆ ನೀರಲ್ಲಿ ನೆನೆದ ಅರಳೆಯಂತೆ ಹರಡಿ ಕಾಣುತ್ತಿತ್ತು. ಅಳುಮುಖ ಮಾಡಿಕೊಂಡು ಬಂದಳು.

"ಮುತ್ಯಾ, ನೀ ನೋಡಿ ಹೇಳತೀ? ನಾ ಬರಕೋತೀನಿ."

"ನನಗೇನ್ ತಿಳೀತದ ನಕ್ಷತ್ರ?"

"ಎರಡು ಪಾಕದಾಗ ಯಾವದು ಕೆಂಪಾಗೇದ, ಯಾವದು ಇನ್ನೂ ಹಳದಿ ಅದ ಅಂತ ಹೇಳತೀಯಲ್ಲ. ಇದೂ ಹಂಗ. ಯಾವದು ಜಾಸ್ತಿ ಬೆಳಗತದ, ಯಾವದು ಕಮ್ಮಿ, ಅಷ್ಟ ಹೇಳು."

ನನ್ನ ಹೆಂಡತಿ ಗುರುಬಾಯಿ ರೊಟ್ಟಿ ಬಡಿಯುತ್ತಾ ಒಳಗಿಂದಲೇ ಅಂದಳು: "ನೋಡಲಿ ಬಿಡು. ನೆಲದ ಮ್ಯಾಲ ಏನಿಟ್ರೂ ಕಾಣಂಗಿಲ್ಲ ಅವರಿಗಿ, ಆಕಾಶರೆ ಕಂಡೀತು."

ಎಳ್ಳಮಾವಾಸ್ಯೆಗೆ ಭೂತಾಯಿಗೆ ಎಡೆ ಇಟ್ಟು ಚರಗ ಚೆಲ್ಲಿ ಹೊಲದಿಂದ ಬಂದ ಮಾರನೇ ದಿನ ಶುರು ಮಾಡಿದೆವು. ಹೊತ್ತು ಮುಳುಗಿ ಎರಡು ತಾಸಿನ ಮೇಲೆ, ಮನೆಯ ಮಾಳಿಗೆಯಲ್ಲಿ. ಬೆಂಕಿಯ ಮುಂದೆ ದಿನವೆಲ್ಲ ನಿಂತ ಕಣ್ಣಿಗೆ ಕತ್ತಲು ಹೊಂದಬೇಕು ಅಂತ ಮೊದಲು ನನ್ನ ತಲೆಯ ಮೇಲೆ ಕಂಬಳಿ ಹೊದಿಸಿ ಕೂಡಿಸುತ್ತಿದ್ದಳು. ಒಂದು ಎಲೆ ಅಡಿಕೆ ತಿಂದು ಮುಗಿಯುವಷ್ಟು ಹೊತ್ತು. ಆಮೇಲೆ ಕಂಬಳಿ ತೆಗೆಯುವುದು. ಬಡಗಣಕ್ಕೆ ಒಂದು ದೊಡ್ಡ ಹಳದಿ ಚುಕ್ಕಿ, ಅದು ರಿಜಲ್ಲಿಗಿಂತ ತುಸು ಜಾಸ್ತಿ, ಅದಕ್ಕೆ ಹತ್ತು ಅಂತ ಇಟ್ಟಳು. ಮೂಡಣದಲ್ಲಿ ಇನ್ನೊಂದು, ತುಸು ಕಮ್ಮಿ, ಅದಕ್ಕೆ ಸೊನ್ನೆ. "ಇವೆರಡರ ನಡುವ ಹತ್ತು ಮೆಟ್ಟಲು ಅವ ಅಂತ ತಿಳಕೋ ಮುತ್ಯಾ. ರಿಜಲ್ ಎಷ್ಟನೇ ಮೆಟ್ಟಲಿಗಿ ನಿಂತದ?"

ನಾನು ಬಲಗಣ್ಣು ಮುಚ್ಚಿ, ಎಡಗಣ್ಣಲ್ಲಿ ನೋಡಿದೆ. "ಎಂಟು."

"ಬಣ್ಣ?"

"ಬೆಳ್ಳಗ. ಜರಾ ನೀಲಿ."

ಮೊದಲ ಎರಡು ವಾರ ಎಂಟು, ಏಳು, ಎಂಟು, ಮತ್ತೆ ಏಳು. ಸಂಕ್ರಾಂತಿ ಕಳೆದ ಮೇಲೆ ಏಳಕ್ಕೆ ನಿಂತಿತು. ಆಮೇಲೆ ಆರು. ಆಮೇಲೆ ಐದು. ಹಿಂದಿನ ದಿನ ಏನು ಹೇಳಿದ್ದೆ ಅಂತ ಅವಳು ತೋರಿಸುತ್ತಿರಲಿಲ್ಲ, ತೋರಿಸಿದರೆ ಮನಸ್ಸು ಅದಕ್ಕೇ ಜೋತು ಬೀಳುತ್ತದಂತೆ. ಆದರೆ ನನಗೆ ನೆನಪಿರುತ್ತಿತ್ತು. ಯಂತ್ರಕ್ಕೆ ಸಿಗುವುದು ನನ್ನ ಕಣ್ಣಿಗೆ ಸಿಕ್ಕಿತಲ್ಲ ಅಂತ ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಘಾಟಬೋರಾಳದ ಗಾಣದಲ್ಲಿ ಕಬ್ಬು ಹಾಕುವವರಿಗೆಲ್ಲ ಹೇಳಿದೆ: "ಆಕಾಶದಾಗ ಒಂದು ಚುಕ್ಕಿ ಕುಗ್ಗಾಕತ್ತದ, ಈ ಜಿಲ್ಲಾದಾಗ ಕಂಡಾವ ನಾ ಒಬ್ಬನ."

ಒಂದು ಭಾನುವಾರ ರಹೀಂ ಸರ್ ತಾವೇ ಸೈಕಲ್ ಮೇಲೆ ಬಂದರು. ಜಗದೇವಿ ದಿನಾ ಬರೆದಿಟ್ಟ ವಹಿ ತಿರುವಿ ತಿರುವಿ ನೋಡಿದರು. ಸಂತೋಷ ಪಟ್ಟರು, ಆದರೆ ಹುಬ್ಬು ಗಂಟಾಗೇ ಇತ್ತು.

"ಮಾಣಿಕಪ್ಪನೋರೇ, ನಿಮ್ಮ ಕೊಪ್ಪರಿಗ್ಯಾಗ ನೊರಿ ಹ್ಯಾಂಗ ಏಳತದ?"

"ಒಂದ ಕಡಿ ಉಬ್ಬತದ್ರಿ, ಇನ್ನೊಂದ ಕಡಿ ಕೂಡತದ. ನಡುವ ಮತ್ತ ಬೇರೇನೇ ಏಳತದ."

"ಹಾಂ! ಈ ನಕ್ಷತ್ರದ ಮೈನೂ ಹಂಗ. ಹತ್ತು ಕಡಿ ಹತ್ತು ನಮೂನಿ ಅಲಿ ಏಳತಾವ. ಎಲ್ಲಾ ಕೂಡಿ ಒಂದಿನ ಬೆಳಕು ಜಾಸ್ತಿ, ಒಂದಿನ ಕಮ್ಮಿ. ಹಿಂಗ ಒಂದೇ ಸವನ ಮೆಟ್ಟಲ ಇಳದಂಗ ಇಳಿಯೋದು ನಾ ಓದಿಲ್ಲ. ಅದಕ್ಕ ಹುಷಾರಿಂದ ಇರ್ರಿ. ಆದರ ಖರೇ ಇದ್ರ…" ಮಾತು ಅಲ್ಲಿಗೇ ಬಿಟ್ಟು ಚಹಾ ಕುಡಿದರು. ಹೋಗುವಾಗ ಹೇಳಿದರು: ಶಿವರಾತ್ರಿ ಆದ ಮೇಲೆ ಬಸವಕಲ್ಯಾಣದಲ್ಲಿ ಸುತ್ತಲಿನ ಕಾಲೇಜುಗಳ ವಿಜ್ಞಾನದ ಹುಡುಗರು ಸೇರುತ್ತಾರೆ, ಜಗದೇವಿ ಅಲ್ಲಿ ವಹಿ ತೋರಿಸಿ ಮಾತಾಡಬೇಕು.

ಅದೇ ಹೊತ್ತಿಗೆ ನನ್ನ ಬೆಲ್ಲ ಕೆಡಲು ಶುರುವಾಗಿತ್ತು. ಘಾಟಬೋರಾಳದ ಗಾಣ ವೀರಶೆಟ್ಟಿ ಸಾವಕಾರರದ್ದು. ನನಗಿಂತ ಚಿಕ್ಕವರು, ಕಾಕಾ ಅನ್ನುತ್ತಿದ್ದರು. ಒಂದು ಪೆಂಟೆ ತಂದು ಹೆಬ್ಬೆರಳಿಂದ ಒತ್ತಿದರು. ಬೆರಳು ಒಳಗೆ ಹೋಯಿತು.

"ಕಾಕಾ, ಇದು ಬೆಲ್ಲ ಏನು ಹಿಟ್ಟು?"

"ಕಬ್ಬು ಎಳೇದು ಅದ ಸಾವಕಾರ್ರೆ."

"ಹೋದ ವಾರದ್ದೂ ಎಳೇದು, ಅದರ ಹಿಂದಿನ ವಾರದ್ದೂ ಎಳೇದು. ನನ್ನ ಹೊಲದಾಗ ಬರೀ ಕೂಸುಗಳ ಹುಟ್ಯಾವೇನು?"

ಮಂದಿ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಚುರುಕ್ ಅಂದಿತು. ಪಾಕ ಕೆಂಪಾಗಿ ಹದಕ್ಕೆ ಬಂದದ್ದು ನಾನು ಕಣ್ಣಾರೆ ನೋಡಿಯೇ ಇಳಿಸಿದ್ದೆ.

ಶಿವರಾತ್ರಿಗೆ ಒಂದು ವಾರ ಇತ್ತು. ಒಲೆಯಿಂದ ಒಂದು ಕಿಡಿ ಹಾರಿ ನನ್ನ ಎಡಗಣ್ಣಿನ ರೆಪ್ಪೆಗೆ ಬಡಿಯಿತು. ದೊಡ್ಡದೇನಲ್ಲ. ಗುರುಬಾಯಿ ಬೆಣ್ಣೆ ಹಚ್ಚಿ ಅರಿವೆ ಕಟ್ಟಿದಳು. ಆ ಸಂಜೆಯೂ ಮಾಳಿಗೆ ಹತ್ತಿದೆ, ಒಂದು ದಿನ ತಪ್ಪಿಸಿದರೆ ಜಗದೇವಿ ಮುಖ ಸಣ್ಣಗಾಗುತ್ತಿತ್ತು. ಕಂಬಳಿ ತೆಗೆದಳು. ಬಲಗಣ್ಣಲ್ಲಿ ನೋಡಿದೆ.

"ಎಂಟು," ಅಂದೆ. "ಏ, ಇದೇನಿದು! ಎದ್ದು ಬಂದದಲ್ಲ! ಮೊದಲಿನಂಗ ನೀಲಿ ಹೊಡಿಯಾಕತ್ತದ."

ಅವಳ ಪೆನ್ಸಿಲು ನಿಂತಿತು. "ನಿನ್ನಿ ನಾಕು ಅಂದಿದ್ದಿ ಮುತ್ಯಾ. ಒಂದ ದಿನಕ್ಕ ಹಿಂಗ ಹಾರಂಗಿಲ್ಲ ಇದು."

ವಹಿಯ ಹಿಂದಿನ ಹಾಳೆ ತಿರುವಿ ನೋಡಿದಳು. ಆಮೇಲೆ ಎದ್ದು ಬಂದು ಅರಿವೆಯ ಗಂಟು ಬಿಚ್ಚಿದಳು, ಮೆಲ್ಲಗೆ, ನೋಯದಂತೆ. ತನ್ನ ಅಂಗೈಯಿಂದ ನನ್ನ ಬಲಗಣ್ಣು ಮುಚ್ಚಿದಳು.

"ಈಗ ಹೇಳು."

ನೋಡಿದೆ. ರಿಜಲ್ ಮಾಸಿ ಹೋಗಿತ್ತು. ಎಣ್ಣೆ ಬತ್ತಿದ ದೀಪದ ಹಾಗೆ ಹಳದಿ. ಬಡಗಣದ ಹಳದಿ ಚುಕ್ಕಿ ಮಾತ್ರ ಹೆಚ್ಚು ಕಮ್ಮಿ ಇದ್ದ ಹಾಗೇ ಇತ್ತು. ಅವಳು ಕೈ ಎಡಗಣ್ಣಿನ ಮೇಲೆ ಇಟ್ಟಳು. ನೀಲಿ, ಎಂಟು. ಮತ್ತೆ ಬಲಗಣ್ಣಿನ ಮೇಲೆ. ಹಳದಿ, ನಾಲ್ಕು. ನಕ್ಷತ್ರ ನನ್ನ ಮೊಮ್ಮಗಳ ಅಂಗೈ ಹೇಳಿದಂತೆ ಏರುತ್ತಿತ್ತು, ಇಳಿಯುತ್ತಿತ್ತು.

"ಮುತ್ಯಾ," ಅಂದಳು, "ನಕ್ಷತ್ರಕ್ಕ ಏನೂ ಆಗಿಲ್ಲ."

ನನಗೂ ತಿಳಿಯಿತು. ನಲವತ್ತು ವರ್ಷ ಒಲೆಯ ಕಡೆ ತೆರೆದಿಟ್ಟಿದ್ದ ಕಣ್ಣು ಅದು. ಪಾಕ ಕೆಂಪಾಗುವ ಮುಂಚೆ ನನ್ನ ಕಣ್ಣೇ ಕೆಂಪು ಕೂಡಿಸಿ ತೋರಿಸುತ್ತಿತ್ತು. ಅದಕ್ಕೇ ನಾನು ಮುಂಚೆ ಇಳಿಸುತ್ತಿದ್ದೆ.

ಕೆಳಗೆ ಬಂದು ಉಣ್ಣದೆ ಮಲಗಿದೆ. ಮರುದಿನ ಜಗದೇವಿಯನ್ನು ಒಂದು ಕಡೆ ಕರೆದು ಹೇಳಿದ್ದು ಬರೆಯಲು ನಾಚಿಕೆ ಬರುತ್ತದೆ, ಆದರೂ ಬರೆಯುತ್ತೇನೆ.

"ಬಸವಕಲ್ಯಾಣದಾಗ ನಕ್ಷತ್ರನ ಕುಗ್ಗೇದ ಅಂತ ಹೇಳಿಬಿಡು. ಅದೇನ್ ಬಂದು ಸಾಕ್ಷಿ ಹೇಳತದ?"

"ಮುತ್ಯಾ!"

"ಮಾಣಿಕಪ್ಪನ ಕಣ್ಣು ಹೋತು ಅಂತ ಒಬ್ಬರಿಗಿ ಗೊತ್ತಾದ್ರ ಎಲ್ಲಾರಿಗೂ ಗೊತ್ತಾಗತದ. ಮುಂದಿನ ಹಂಗಾಮಿಗಿ ಯಾವ ಗಾಣದಾವ ನನ್ನ ಕರೀತಾನ? ಕೊಪ್ಪರಿಗಿ ಬಿಟ್ಟು ನಾ ಏನ್ ಮಾಡ್ಲಿ? ಕಟ್ಟಿ ಮ್ಯಾಲ ಕುಂತು ಚಕ್ಕಾ ಆಡ್ಲ್ಯಾ?"

ಅವಳು ಜಗಳ ಮಾಡಲಿಲ್ಲ. "ಸುಳ್ಳು ಹೇಳಾಕ ಆಗಂಗಿಲ್ಲ. ನಿನ್ನ ಮರ್ಯಾದಿ ಕಳಿಯಾಕೂ ಆಗಂಗಿಲ್ಲ. ನಾ ಹೋಗಾದ ಇಲ್ಲ ಬಿಡು," ಅಂದಳು. ಆವತ್ತು ಮಾಳಿಗೆ ಹತ್ತಲಿಲ್ಲ. ಮರುದಿನವೂ ಇಲ್ಲ. ವಹಿಯನ್ನು ಜೋಳದ ಚೀಲದ ಹಿಂದೆ ಇಟ್ಟುಬಿಟ್ಟಳು. ಎರಡು ತಿಂಗಳು ಒಂದು ದಿನವೂ ತಪ್ಪಿಸದ ಹುಡುಗಿ.

ಮೂರನೇ ದಿನ ಘಾಟಬೋರಾಳದಲ್ಲಿ ಒಂದು ಕೊಪ್ಪರಿಗೆ ಹದಕ್ಕೆ ಬರುತ್ತಿತ್ತು. ಸೌಟು ಎತ್ತಿದೆ. ಎಡಗಣ್ಣು ಇಳಿಸು ಅಂದಿತು, ಬಲಗಣ್ಣು ತಡೀ ಅಂದಿತು. ಇಷ್ಟು ವರ್ಷ ಎಡಗಣ್ಣಿಗೇ ಒಪ್ಪಿಸಿದ ಕೆಲಸ, ಬಲಗಣ್ಣಿಗೆ ಹದ ಅಂದರೆ ಏನು ಗೊತ್ತು? ಯಾವುದನ್ನು ನಂಬಲಿ ಅಂತ ನಿಂತೆ. ನಿಂತಷ್ಟು ಹೊತ್ತಿಗೆ ಪಾಕ ತಳ ಹತ್ತಿ ಕಮಟು ವಾಸನೆ ಬಂತು. ಸಾವಕಾರರ ಗಾಣಕ್ಕೆ ಬಂದಿದ್ದ ಒಬ್ಬ ಸಣ್ಣ ರೈತ ವರ್ಷವಿಡೀ ನೀರು ಹಾಯಿಸಿ ಬೆಳೆದ ಕಬ್ಬು ಅದು. ಅವನು ಅಲ್ಲೇ ಚೀಲ ಹಿಡಿದು ನಿಂತಿದ್ದ. ಚೀಲ ಮಡಿಚಿ ಹೆಗಲಿಗೆ ಹಾಕಿಕೊಂಡ. ಬೈದಿದ್ದರೆ ಚಲೋ ಇತ್ತು.

ಸೌಟು ಕೆಳಗಿಟ್ಟು ವೀರಶೆಟ್ಟಿ ಸಾವಕಾರರ ಮುಂದೆ ಹೋಗಿ ಹೇಳಿದೆ: "ಕಬ್ಬು ಎಳೇದು ಅಲ್ರಿ. ನನ್ನ ಕಣ್ಣು ಮುಪ್ಪಾಗೇದ. ಬೇರೆಯವರನ್ನ ನೋಡಿಕೋರಿ."

ಅವರು ನನ್ನ ಮುಖ ನೋಡಿದರು. "ಯಾವ ಡಾಕ್ಟರ್ ಹೇಳಿದ್ರು ಕಾಕಾ?"

"ನನ್ನ ಮೊಮ್ಮಗಳು."

ಮನೆಗೆ ಬಂದು ಜೋಳದ ಚೀಲ ಸರಿಸಿ ವಹಿ ತೆಗೆದು ಜಗದೇವಿಯ ಕೈಗೆ ಕೊಟ್ಟೆ. "ಹೋಗು, ಹೇಳು. ನನ್ನ ಹೆಸರು ಹಿಡದ ಹೇಳು. ನಾನೂ ಬರ್ತೀನಿ."

ಬಸವಕಲ್ಯಾಣದ ಆ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತೆ, ಗುರುಬಾಯಿ ಬಾಜೂಕೆ. ಜಗದೇವಿ ಕರಿಹಲಗೆಯ ಮೇಲೆ ಒಂದು ಗೆರೆ ಎಳೆದಳು, ಎಂಟರಿಂದ ನಾಲ್ಕಕ್ಕೆ ಇಳಿಯುವುದು. ಹುಡುಗರು ಭೇಷ್ ಅಂದರು. ಆಗ ಅವಳು ಅಂದಳು: "ಇದು ನಕ್ಷತ್ರದ ಗೆರಿ ಅಲ್ಲ. ನಮ್ಮ ಮುತ್ಯಾನ ಎಡಗಣ್ಣಿನ ಗೆರಿ." ಸಭೆ ಗೊಳ್ಳೆಂದಿತು. ನನ್ನ ಕಿವಿ ಬಿಸಿಯಾದವು. ಅವಳು ನಗು ನಿಲ್ಲುವ ತನಕ ಕಾದಳು. ಆಮೇಲೆ ಒಂದೊಂದೇ ಬಿಡಿಸಿ ಹೇಳಿದಳು. ರಿಜಲ್ ನೀಲಿ. ಕಣ್ಣಿನೊಳಗಿನ ಮಸೂರ ಹಳದಿಯಾದರೆ ಮೊದಲು ತಡೆಯುವುದು ನೀಲಿ ಬೆಳಕನ್ನೇ. ಹಳದಿ ನಕ್ಷತ್ರಕ್ಕೆ ಅಷ್ಟು ಹೊಡೆತ ಇಲ್ಲ. ಅದಕ್ಕೇ ರಿಜಲ್ ಒಂದೇ ಕುಗ್ಗಿದಂತೆ ಕಂಡಿತು. ಮೊದಲ ಎರಡು ವಾರದ ಎಂಟು, ಏಳು, ಎಂಟು ನಕ್ಷತ್ರದ್ದೇ ಆಟ ಇರಬಹುದು, ಇಲ್ಲದೆಯೂ ಇರಬಹುದು. ಆಣೆ ಮಾಡಿ ಹೇಳಲು ಬರುವುದಿಲ್ಲ.

"ಹಂಗಾರ ನಿಮ್ಮ ಎರಡು ತಿಂಗಳ ಕೆಲಸ ದಂಡ ಆತಲ್ಲ?" ಅಂತ ಒಬ್ಬ ಕೇಳಿದ.

"ಯಾಕ್ರಿ? ನಕ್ಷತ್ರದ್ದು ಸಿಗಲಿಲ್ಲ. ಮುತ್ಯಾನ ರೋಗ ಸಿಕ್ಕಿತು."

ಈ ಸಲ ಯಾರೂ ನಗಲಿಲ್ಲ. ರಹೀಂ ಸರ್ ಎದ್ದು ನಿಂತು ಚಪ್ಪಾಳೆ ಹೊಡೆದರು. ಗುರುಬಾಯಿ ನನ್ನ ಪಕ್ಕೆಗೆ ತಿವಿದಳು: "ಕಣ್ಣು ಒರಸ್ಕೋರಿ. ಇರೋದು ಒಂದ ಚಲೋದು, ಅದನ್ನೂ ಕೆಡಿಸ್ಕೋಬ್ಯಾಡ್ರಿ." ಸಭೆ ಮುಗಿದ ಮೇಲೆ ನೋಡಬೇಕಿತ್ತು ನೀವು. ಮೇಷ್ಟರು, ಜವಾನರು, ಮಕ್ಕಳ ಸಂಗಡ ಬಂದ ಮುದುಕರು, ಎಲ್ಲ ಒಂದೊಂದು ಕಣ್ಣು ಮುಚ್ಚಿಕೊಂಡು ಮೇಲಿನ ಬಲ್ಬು ನೋಡುತ್ತಾ ನಿಂತುಬಿಟ್ಟಿದ್ದರು. ಮಂಠಾಳದಿಂದ ಬಂದಿದ್ದ ಒಬ್ಬ ಮುದುಕ ನನ್ನ ತೋಳು ಹಿಡಿದು, "ನನಗೂ ಒಂದ ಕಡಿ ಹಳದಿ ಕಾಣತದಲ್ಲೋ ಯಪ್ಪಾ!" ಅಂದ.

ಅದೇ ತಿಂಗಳು ಕಣ್ಣಿನ ಶಿಬಿರ ಇತ್ತು. ಡಾಕ್ಟರು ದೀಪ ಹಿಡಿದು ನೋಡಿ ಮೋತಿಬಿಂದು, ಕಣ್ಣಿಗೆ ಪೊರೆ ಬಂದಿದೆ, ಅಂದರು. ಬೆಂಕಿಯ ಮುಂದೆ ದುಡಿಯುವವರಿಗೆ ಬೇಗ ಬರುತ್ತದಂತೆ, ವರ್ಷಗಳಿಂದ ಒಳಗೇ ಬೆಳೆದದ್ದು ಈ ಸಲ ಗಟ್ಟಿಯಾಗಿದೆಯಂತೆ. ಎಡಗಣ್ಣಿನ ಮಸೂರ ತೆಗೆದರು. ಎಂಟು ದಿನ ತಲೆ ಅಲ್ಲಾಡಿಸದೆ ಮಲಗಿದೆ. ವೀರಶೆಟ್ಟಿ ಸಾವಕಾರರು ನೋಡಲು ಬಂದು ಹಾಸಿಗೆಯ ತುದಿಗೆ ಕೂತರು. "ಕಾಕಾ, ಹೊಸಬನ್ನ ತಂದೀನಿ. ಕಣ್ಣು ಚಲೋ ಅವ, ತಲಿ ಇಲ್ಲ. ಮುಂದಿನ ಹಂಗಾಮಿಗಿ ನೀ ಬಾಜೂಕ ಕುಂತು ವಾಸನಿ ಮ್ಯಾಲ ಹೇಳು, ಅಂವ ನೋಡ್ಲಿ." ಹೂಂ ಅಂದೆ. ಈಗಲೂ ಹಾಗೇ ನಡೆದಿದೆ.

ಯುಗಾದಿ ಆಗಿ ಹದಿನೈದು ದಿನಕ್ಕೆ ಚಸ್ಮಾ ಬಂತು, ಗಾಜಿನ ಲೋಟದ ತಳದಷ್ಟು ದಪ್ಪ. ಹಾಕಿಕೊಂಡಾಗ ಗುರುಬಾಯಿ, "ಅವ್ವಯ್ಯ, ಗೂಬಿ!" ಅಂತ ನಕ್ಕಳು. ಆ ದಿನ ಹೊತ್ತು ಮುಳುಗುವುದನ್ನೇ ಕಾದೆವು. ಬೇಸಿಗೆ ಬಂದಿತ್ತು, ಕೂರಿಗೆ ಚಿಕ್ಕಿ ಪಡುವಣಕ್ಕೆ ವಾಲಿತ್ತು, ಇನ್ನು ಕೆಲವೇ ದಿನ ಇದ್ದು ಆ ವರ್ಷಕ್ಕೆ ಮರೆಯಾಗುವುದು. ಜಗದೇವಿ ನನ್ನ ಕೈ ಹಿಡಿದು ಮಾಳಿಗೆ ಹತ್ತಿಸಿದಳು. ವಹಿ ತೆಗೆದು ತಾರೀಖು ಬರೆದು ಕೂತಳು.

ಬಲಗಣ್ಣು ಮುಚ್ಚಿ ನೋಡಿದೆ.

ನೀಲಿ ಅಂದರೆ ಎಂಥ ನೀಲಿ ಅಂತ ಹೇಳಲಿ! ನನ್ನ ಹರೆಯದಲ್ಲೂ ಅದನ್ನು ನಾನು ಹಾಗೆ ಕಂಡಿರಲಿಲ್ಲ. ಕಮ್ಮಾರ ಕಾಸಿದ ಕಬ್ಬಿಣ ಬಿಳಿಯಾಗಿ, ಬಿಳಿಗಿಂತ ಮುಂದೆ ಹೋದರೆ ಹೇಗಿರಬಹುದೋ ಹಾಗೆ. 

"ಎಷ್ಟನೇ ಮೆಟ್ಟಲು, ಮುತ್ಯಾ?" ಅಂದಳು. ಪೆನ್ಸಿಲು ಕಾಗದದ ಮೇಲೆ ಕಾಯುತ್ತಿತ್ತು.

"ತಡಿಯವ್ವಾ," ಅಂದೆ. "ಇಷ್ಟು ದಿನ ಬರೇ ಹೇಳೀನಿ. ಇವತ್ತು ನೋಡ್ತೀನಿ."